ನದಿಗೆ ನೋಟೀಸು ಕೊಟ್ಟ ಸಾಹೇಬ

ಹೊನ್ನಾವರದ ಕಡವಿನಲ್ಲಿ ದೋಣಿ ತಡವಾದಷ್ಟೂ ಜನರಿಗೆ ಶನಿಯಾರನೆಂಬವನು ಬೇಕಾಗುತ್ತಿದ್ದ. ಬಸ್ಸು, ಜೀಪುಗಳನ್ನು ಶರಾವತಿ ದಾಟಿಸುವ ಜೋಡುದೋಣಿಗೆ ಹಗ್ಗ ಕಟ್ಟುವುದು ಅವನ ಕೆಲಸ. ಭಟ್ಕಳದ ಕಡೆಯಿಂದ ಬಂದವರು ಬಿಸಿಲಲ್ಲಿ ಬೇಸತ್ತು ನಿಂತಿದ್ದರೆ ಅವನು ಒಂದು ಪೆಟ್ಟಿಗೆ ಹತ್ತಿ ನಿಲ್ಲುತ್ತಿದ್ದ. ಕಂಡಕ್ಟರನ ಗೊರಕೆ, ವಕೀಲರ ಕೆಮ್ಮು, ಮುಂಬಯಿಯಿಂದ ಬಂದವರ ಮರಾಠಿ ಎಲ್ಲವೂ ಅವನ ಬಾಯಲ್ಲಿ ಬರುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದುದು ಮೀನು ಮಾರುವ ಕಮಲಿಯ ಮಾತಿಗೆ. ಅವಳಿಗೆ ಮುಂದಿನ ಹಲ್ಲಿರಲಿಲ್ಲ, ಮಾತಿನ ಜೊತೆ ಸಿಳ್ಳೆಯೂ ಹೊರಡುತ್ತಿತ್ತು. ಅವನು ಅಣಕಿಸಿದರೆ ಅವಳು ಬುಟ್ಟಿಯ ಪಕ್ಕದಿಂದಲೇ ಬೈಯುತ್ತಿದ್ದಳು. ಜನ ಇನ್ನಷ್ಟು ನಗುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಒಂದು ದಿನ ಹಾಗೆ ನಕ್ಕವರಲ್ಲಿ ಧಾರವಾಡ ಬಾನುಲಿಯ ಅನಂತಮೂರ್ತಿಯೂ ಇದ್ದರು. ಹಳ್ಳಿಗರ ಕಾರ್ಯಕ್ರಮಕ್ಕೆ ಬಾ ಎಂದು ಕರೆದರು. ಶನಿಯಾರ ಹೋದ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮೈಕಿನ ಮುಂದೆ ಮಾತಾಡಿದ, ನಗು ಬರುವಲ್ಲಿ ನಿಲ್ಲಿಸಿದ. ನಗುವೇ ಇಲ್ಲ. ಗಾಜಿನಾಚೆ ಅನಂತಮೂರ್ತಿಯವರ ಹೊಟ್ಟೆ ಕುಲುಕುವುದು ಕಂಡಿತು, ಸದ್ದು ಮಾತ್ರ ಈಚೆ ಬರಲಿಲ್ಲ. ಕೊನೆಗೆ, ಯಾವತ್ತೂ ಸೋಲದ ಕಮಲಿಯ ಮಾತನ್ನೇ ಹಿಡಿದು ಪೂರೈಸಿದ.

ಊರಿಗೆ ಮರಳಿದಾಗ ಹೋಟೆಲಿನವರು ಚಹಾ ಕೊಟ್ಟು ಕೂರಿಸಿದರು. ಕಮಲಿ ಮಾತ್ರ ಬೈಯಲೇ ಇಲ್ಲ. ಅದೇ ಅವನಿಗೆ ಕಸಿವಿಸಿಯಾಯಿತು.

“ಎಂತ ಆತು ಕಮಲಕ್ಕ?”

“ಕುಮಟೆ ಪೇಟೇಲಿ ಗುರ್ತು ಇಲ್ದವ್ರೂ ನಾ ಬಾಯಿ ಬಿಟ್ರೆ ನಗ್ತ್ರು. ಮೀನು ಮಾರುದು ಹ್ಯಾಂಗೆ? ತಮಾ, ಕಡವಿನಲ್ಲಿ ನೀ ಆಡ್ಕಂಡಾಗ ನಾನೂ ಅಲ್ಲೇ ಇದ್ದಿದ್ದೆ. ಎರಡು ಬೈದೆ, ಆತು. ಆ ಬಾನುಲಿ ಪೆಟ್ಟಿಗೆ ಒಳಗೆ ಹೊಕ್ಕಂಡು ಅಂದ್ರೆ ನಾ ಎಲ್ಲಿ ನಿತ್ಕಂಡು ಬೈಲಿ?”

ಆಮೇಲೆ ಎಷ್ಟೋ ದಿನ ಶನಿಯಾರ ಪೆಟ್ಟಿಗೆ ಹತ್ತಲಿಲ್ಲ. ಸುಮ್ಮನೆ ಹಗ್ಗ ಹಿಡಿದು ನಿಂತಾಗ, ದಿನವೂ ಕಣ್ಣೆದುರೇ ಇದ್ದದ್ದು ಕಂಡಿತು. ಕೊನೆಯಲ್ಲಿ ಬಂದ ಸರ್ಕಾರಿ ಸಾಹೇಬರ ಜೀಪು ಮೊದಲು ದೋಣಿ ಹತ್ತುತ್ತಿತ್ತು. ಮೀನಿನ ಬುಟ್ಟಿಗಳು ದಡದ ಬಿಸಿಲಲ್ಲೇ ಉಳಿದು ನಾರುತ್ತಿದ್ದವು.

ಮುಂದಿನ ಸಲ ಬಾನುಲಿಯಲ್ಲಿ ಅವನು ಒಬ್ಬ ಸಾಹೇಬನಾಗಿ ಮಾತಾಡಿದ. ಆ ಸಾಹೇಬ ನದಿಗೇ ನೋಟೀಸು ಕೊಟ್ಟ: “ನಮ್ಮ ಜೀಪು ದಾಟುವವರೆಗೆ ಉಬ್ಬರದ ನೀರು ಇಳಿಯತಕ್ಕದ್ದಲ್ಲ. ಇಳಿದರೆ ಸಮುದ್ರದ ಮೇಲೂ ಕ್ರಮ ಜರುಗಿಸಲಾಗುವುದು.”

ಜಿಲ್ಲೆಯೆಲ್ಲ ನಕ್ಕಿತು. ಒಬ್ಬ ಸಾಹೇಬರು ನಗಲಿಲ್ಲ. ಕಡವಿನ ಗುತ್ತಿಗೆದಾರ ಶನಿಯಾರನನ್ನು ಕರೆದು, “ನಾಳಿಂದ ಬರೂದು ಬ್ಯಾಡ ಮಾರಾಯ, ನಂಗೂ ಹೆಂಡ್ತಿ ಮಕ್ಕಳು ಇದ್ರು” ಎಂದ.

ಆ ಸಂಜೆ ಕಮಲಿಯೇ ಅವನ ಮನೆಗೆ ಬಂದಳು.

“ಕೆಲಸ ಹೋತಡ?”

“ಹೋತು. ತದಡೀಲಿ ದಾಸನ ದೋಣಿಗೆ ಬಲೆ ಎಳೀಲಿಕ್ಕೆ ಹೋಗ್ತೆ. ಬಾನುಲಿ ಮಾತ್ರ ಬಿಡುದಿಲ್ಲ.”

ಅವಳು ಅಂಗಳದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿದಳು. “ನಿನ್ನ ಸಾಹೇಬ ಬರೀ ಅವನೇ ಮಾತಾಡ್ತ. ಎದುರು ಮಾತಾಡೂಕೆ ಒಂದು ಜನ ಬ್ಯಾಡ್ವ? ನಾ ಬತ್ತೆ.”

ಧಾರವಾಡದಲ್ಲಿ ಅನಂತಮೂರ್ತಿ ಮೊದಲು ಹಿಂಜರಿದರು. ಬರೆದದ್ದನ್ನು ಓದಲು ಅವಳಿಗೆ ಬಾರದು. ಆದರೆ ಶನಿಯಾರನ ಸಾಹೇಬ ಬಾಯಿ ತೆರೆದದ್ದೇ ತಡ, ಕಮಲಿ ಮೈಕನ್ನೇ ಗದರಿದಳು: “ಹೊಳಿಗೆ ನೋಟೀಸು ಕೊಡ್ತ್ಯಾ? ಮೊದ್ಲು ನನ್ನ ಬಂಗಡೆಗೆ ಕೊಡಾ, ನಾರಬ್ಯಾಡ ಅಂತ!” ಸಿಳ್ಳೆ ಎಂದಿನಂತೆಯೇ ಇತ್ತು. ಶನಿಯಾರನಿಗೇ ನಗು ತಡೆಯಲಾಗದೆ ಸಾಹೇಬನ ಮಾತು ಅರ್ಧಕ್ಕೆ ನಿಂತಿತು.

ಅರವತ್ತರ ದಶಕದುದ್ದಕ್ಕೂ ಅವರಿಬ್ಬರ ಜಗಳ ತಿಂಗಳಿಗೊಮ್ಮೆ ಪ್ರಸಾರವಾಯಿತು. ಕುಮಟೆಯಲ್ಲಿ ಜನ ಆಗಲೂ ಕಮಲಿಯ ಮುಂದೆ ಸಿಳ್ಳೆ ಹಾಕುತ್ತಿದ್ದರು. ಅವಳು ಬೈದರೆ ಮಾತ್ರ, “ಇದು ಬಾನುಲೀಲಿ ಬತ್ತದ್ಯೇನೆ?” ಎಂದು ಹೆದರಿ ಕೇಳುತ್ತಿದ್ದರು.