ಡಬ್ಬಿಗೆ ಮರಳಿದ ಅರ್ಧ ಚಮಚ

ಆಸ್ಪತ್ರೆಯ ರಕ್ತಪರೀಕ್ಷಾ ಲ್ಯಾಬಿನಲ್ಲಿ ರಾಸಾಯನಿಕಗಳ ಉಗ್ರಾಣ ನೋಡಿಕೊಳ್ಳುವಾಕೆಯನ್ನು ಎಲ್ಲರೂ ಸ್ಟೋರಮ್ಮ ಎನ್ನುತ್ತಿದ್ದರು. ಆಕೆಯ ಲೋಕದಲ್ಲಿ ಇದ್ದದ್ದು ಮೂರೇ ಜಾತಿ. ಮೇಲಿನ ಕಪಾಟಿನಲ್ಲಿ ಅನಲಿಟಿಕಲ್ ಗ್ರೇಡ್: ಯಾವ ಕಲ್ಮಶ ಎಷ್ಟಿದೆಯೆಂದು ಸೀಸೆಯ ಮೇಲೇ ಅಚ್ಚಾಗಿರುವ, ಪರೀಕ್ಷೆಗೆ ಯೋಗ್ಯವಾದ ಪರಿಶುದ್ಧ ಸರಕು. ನಡುವೆ ಲ್ಯಾಬ್ ಗ್ರೇಡ್, ದಿನನಿತ್ಯದ ಸಾಧಾರಣ ಕೆಲಸಕ್ಕೆ. ನೆಲದ ಹತ್ತಿರ ಟೆಕ್ನಿಕಲ್ ಗ್ರೇಡ್, ಸಿಂಕು ತೊಳೆಯಲಷ್ಟೇ ಲಾಯಕ್ಕು. ಮನುಷ್ಯರನ್ನೂ ಆಕೆ ಹೀಗೇ ಜೋಡಿಸಿಟ್ಟಿದ್ದಳು. ಗಂಡನಿಗೆ ನಡುವಿನ ಕಪಾಟು. ನಾದಿನಿಯ ಮಾತು ಬಂದರೆ ಸುಮ್ಮನೆ ನೆಲ ನೋಡುತ್ತಿದ್ದಳು.

ಇನ್ನೊಂದು ಕಟ್ಟಪ್ಪಣೆಯಿತ್ತು. ಸೀಸೆಯಿಂದ ಒಮ್ಮೆ ಹೊರತೆಗೆದದ್ದನ್ನು, ಹೆಚ್ಚಾಯಿತೆಂದು ಮತ್ತೆ ಸೀಸೆಗೆ ಸುರಿಯುವಂತಿಲ್ಲ. ಒಂದು ಚಿಟಿಕೆ ಉಳಿಸಲು ಹೋದರೆ ಇಡೀ ಸೀಸೆ ಕೆಡುತ್ತದೆ. ಮನೆಯ ಉಪ್ಪು ಸಕ್ಕರೆಗೂ ಇದೇ ಕಾನೂನು. ಪಾಪ, ಚಮಚಕ್ಕೆ ಹೆಚ್ಚಾಗಿ ಬಂದ ಸಕ್ಕರೆಯನ್ನೆಲ್ಲ ಚಹಾದಲ್ಲೇ ಕುಡಿದು ಕುಡಿದು ಗಂಡ ದುಂಡಗಾಗಿದ್ದ.

ಮಗಳು ತಾನು ಮೆಚ್ಚಿದ ಹುಡುಗನನ್ನು ಒಂದು ದಿನ ಮನೆಗೆ ಕರೆತಂದಳು. ಸೈಕಲ್ ರಿಪೇರಿ ಅಂಗಡಿಯವನು. ಉಗುರ ಸಂದಿಯ ಗ್ರೀಸು ಕಂಡಾಗಲೇ ಸ್ಟೋರಮ್ಮನ ಹುಬ್ಬು ಗಂಟಾಯಿತು. ಅಮ್ಮ ಒಪ್ಪದೆ ಮದುವೆಯಾಗುವುದಿಲ್ಲ ಎಂದು ಮಾತು ಕೊಟ್ಟಿದ್ದ ಮಗಳಿಗೆ ಜೀವ ಬಾಯಿಗೆ ಬಂದಿತ್ತು. ಹುಡುಗನೋ, ಒಳ್ಳೆಯವನೆನಿಸಿಕೊಳ್ಳುವ ಉಮೇದಿನಲ್ಲಿ ಚಹಾ ತಾನೇ ಮಾಡುತ್ತೇನೆಂದು ಅಡುಗೆಮನೆಗೆ ನುಗ್ಗಿದ. ಚಮಚ ತುಂಬ ಸಕ್ಕರೆ ತೆಗೆದ, ಕುದಿಯುವ ಪಾತ್ರೆಗೆ ಅರ್ಧ ಹಾಕಿದ, ಆವಿ ತಾಗಿದ ಉಳಿದರ್ಧವನ್ನು ಹಾಯಾಗಿ ಡಬ್ಬಿಗೆ ಸುರಿದ. ಗಂಡ ಕಣ್ಣು ಮುಚ್ಚಿಕೊಂಡ.

ಹುಡುಗ ಹೊರಟಮೇಲೆ ತೀರ್ಪು ಬಂತು. "ಟೆಕ್ನಿಕಲ್ ಗ್ರೇಡು. ಇವನನ್ನ ಮರೆತುಬಿಡು."

ಮಗಳು ಅತ್ತಳು, ಮೂಗು ಒರೆಸಿಕೊಂಡಳು, ಆಮೇಲೆ ಮೆಲ್ಲಗೆ ಹೇಳಿದಳು:

"ಹೊರಗೆ ತೆಗೆದದ್ದನ್ನ ವಾಪಸ್ ಹಾಕಬಾರದು ಅಂತ ನೀನೇ ಕಲಿಸಿದ್ದು ಅಮ್ಮ. ನಾನು ಮನಸ್ಸು ಕೊಟ್ಟಾಗಿದೆ. ಈಗ ಹೇಗೆ ವಾಪಸ್ ತಗೊಳ್ಳಲಿ?"

ಇಷ್ಟು ವರ್ಷ ಊರಿಗೆಲ್ಲ ಹೇಳಿದ ಕಾನೂನು ಸ್ಟೋರಮ್ಮನ ಕುತ್ತಿಗೆಗೇ ಬಂದಿತ್ತು. ಸಿಟ್ಟು ಬಂತು, ಮಗಳು ಪಾಠ ಕಲಿತಿದ್ದಾಳಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಅಡುಗೆಮನೆಗೆ ಹೋಗಿ ಆ ಸಕ್ಕರೆ ಡಬ್ಬಿಯನ್ನು ಕೈಗೆತ್ತಿಕೊಂಡಳು. ಸಕ್ಕರೆ ಚೆಲ್ಲುತ್ತಾಳೇನೋ ಎಂದು ಗಂಡ ಬಕೆಟ್ಟು ತಂದ. ಬೇಡವೆಂದಳು. ಡಬ್ಬಿಗೆ ಒಂದು ಚೀಟಿ ಅಂಟಿಸಿ, ದುಂಡಗೆ ಏನೋ ಬರೆದು, ಕೆಳಗಿನ ಗೂಡಿಗೆ ನೂಕಿ ಹೊರಗೆ ಹೋದಳು.

ಮಗಳು ಬಗ್ಗಿ ಓದಿದಳು: 'ಟೆಕ್ನಿಕಲ್ ಗ್ರೇಡ್. ಅಳಿಯನ ಚಹಾಕ್ಕೆ ಮಾತ್ರ.'