ವೆಂಕೂಬಾಯಿಯ ಹನ್ನೊಂದು ಮಾರು ಹಗ್ಗ

ದೇವದುರ್ಗದ ವೆಂಕೂಬಾಯಿಗೆ ಅಂಜಿಕೆ ಎಂಬುದೇ ಇಲ್ಲವೆಂದು ಊರವರು ನಂಬಿದ್ದರು. ಬೆನ್ನಿಗೆ ಗಂಟು ಬಿಗಿದು, ಕೈಯಲ್ಲೊಂದು ಕೋಲು ಹಿಡಿದು, ಒಮ್ಮೆ ಮಾನ್ವಿಗೆ, ಒಮ್ಮೆ ರಾಯಚೂರಿಗೆ ಒಬ್ಬಳೇ ನಡೆದು ಹೋಗುವ ಹೆಂಗಸಿನ ಬಗ್ಗೆ ಬೇರೆ ಏನು ತಾನೆ ಅಂದುಕೊಂಡಾರು? ನಿಜ ಹೇಳಬೇಕೆಂದರೆ ಆಕೆಯಷ್ಟು ಪುಕ್ಕಲು ಜೀವ ಆ ತಾಲೂಕಿನಲ್ಲಿ ಇನ್ನೊಂದಿರಲಿಲ್ಲ. ನಾಯಿಗೆ ಅಂಜುತ್ತಿದ್ದಳು, ಅದಕ್ಕೇ ಕೋಲು. ತೋಳಕ್ಕೆ ಅಂಜುತ್ತಿದ್ದಳು, ಅದಕ್ಕೇ ಹೊತ್ತು ಮುಳುಗುವ ಮೊದಲೇ ಯಾವುದಾದರೂ ಗುಡಿ ಸೇರಿಬಿಡುತ್ತಿದ್ದಳು. ಕಾಲು ಉಳುಕೀತೆಂದು ಕಲ್ಲುದಾರಿಯಲ್ಲಿ ದೇವರ ಹಾಡನ್ನೂ ನಿಲ್ಲಿಸಿ ನೆಲ ನೋಡಿಕೊಂಡು ನಡೆಯುತ್ತಿದ್ದಳು. ಉಳಿದವರು ತಲೆಯ ಮೇಲೆ ಹೊರುವ ಗಂಟನ್ನು ಈಕೆ ಬೆನ್ನಿಗೆ ಕಟ್ಟಿಕೊಂಡದ್ದೂ ಅಂಜಿಕೆಯಿಂದಲೇ. ಗಂಟು ಹಿಡಿಯಲು ಒಂದು ಕೈ ಹೋದರೆ, ನಾಯಿ ಬಂದಾಗ ಏನು ಗತಿ?

ಹತ್ತನೆಯ ವರ್ಷಕ್ಕೆ ವಿಧವೆಯಾದವಳು. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಣ್ಣನ ಮನೆಯ ಅಡಿಗೆಮನೆಗೆ ಬಿಟ್ಟರು. ಅಲ್ಲಿ ಬೇರೇನೂ ಕಲಿಯಲು ಇರಲಿಲ್ಲವಾದ್ದರಿಂದ ಅಡಿಗೆಯನ್ನೇ ಚೆನ್ನಾಗಿ ಕಲಿತಳು. ಐವತ್ತು ದಾಟುವ ಹೊತ್ತಿಗೆ ಮೂರೂ ಊರಿನ ವೈಷ್ಣವ ಮನೆಗಳಲ್ಲಿ ಶ್ರಾದ್ಧವಿರಲಿ, ಗುರುಗಳ ಆರಾಧನೆಯಿರಲಿ, ಒಲೆ ಹಚ್ಚಲು ವೆಂಕೂಬಾಯಿಯೇ ಬರಬೇಕು. ರುಚಿಗಿಂತ ದೊಡ್ಡ ಮಾತೆಂದರೆ ಆಕೆಯ ಮಡಿ. ಅದರಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ ಎಂದು ಆಚಾರ್ಯರೆಲ್ಲ ಒಪ್ಪಿಕೊಂಡಿದ್ದರು. ಆಕೆಯ ಅನ್ನ, ಮಾನ ಎರಡೂ ಆ ಒಂದು ಮಾತಿನ ಮೇಲೆ ನಿಂತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುವ ಬಸ್ಸು ಇತ್ತು, ನಿಜ. ಆದರೆ ಅದರೊಳಗೆ ಯಾರ ಮಗ್ಗುಲಿಗೆ ಯಾರೋ. ಮಡಿ ಕಳಕೊಂಡ ಅಡಿಗೆಯವಳು ಬೇಗ ತಲುಪಿ ಏನು ಮಾಡಬೇಕು?

ಎಲ್ಲಕ್ಕಿಂತ ದೊಡ್ಡ ಅಂಜಿಕೆ ನೀರಿನದು. ದಾರಿಯಲ್ಲಿ ನೀರು ಹೊತ್ತು ನಡೆದರೆ ಯಾರದಾದರೂ ಸೋಂಕು ತಗುಲುತ್ತದೆ. ಹಾಗಾಗಿ ಗಂಟಿನಲ್ಲಿ ಒಂದು ತಾಮ್ರದ ತಂಬಿಗೆ, ಹನ್ನೊಂದು ಮಾರು ಹಗ್ಗ. ತಾನೇ ಇಳಿಸಿ, ತಾನೇ ಸೇದಿ ಕುಡಿಯಬೇಕು. ಎತ್ತು ಹೂಡಿ ಚರ್ಮದ ಚೀಲದಿಂದ ನೀರೆತ್ತುವ ಕಪಲಿಯ ಬಾವಿಯಂತೂ ನಿಷಿದ್ಧ. ಚರ್ಮ ಮುಳುಗಿದ ನೀರು ಆಕೆಯ ಪಾಲಿಗೆ ನೀರೇ ಅಲ್ಲ.

೧೯೪೪ರ ವೈಶಾಖ. ರಾಯಚೂರಿನ ವಾದಿರಾಜಾಚಾರ್ಯರ ಮನೆಯಲ್ಲಿ ತ್ರಯೋದಶಿಯ ದಿನ ಆರಾಧನೆ. ಎರಡು ದಿನದ ದಾರಿ. ಏಕಾದಶಿಯ ಬೆಳಿಗ್ಗೆ, ಹನಿ ನೀರೂ ಮುಟ್ಟದ ಉಪವಾಸದಲ್ಲೇ ವೆಂಕೂಬಾಯಿ ಹೊರಟಳು. ಸಂಜೆ ಗಬ್ಬೂರಿನ ಗುಡಿ ಸೇರಿದಳು. ದ್ವಾದಶಿಯ ಬೆಳಿಗ್ಗೆ ಸ್ನಾನ ಮಾಡಿ ಉಪವಾಸ ಬಿಡೋಣವೆಂದರೆ ಗುಡಿಯ ಬಾವಿಯ ಹೂಳು ತೆಗೆಯುತ್ತಿದ್ದರು, ನೀರೆಲ್ಲ ಕೆಸರು. ಊರೊಳಗೆ ಬೇರೆ ಬಾವಿ ಹುಡುಕಬಹುದಿತ್ತು. ಆದರೆ ಎರಡು ಹರಿದಾರಿ ಮುಂದೆ ತನಗೆ ಗೊತ್ತಿರುವ ಸಿಹಿನೀರಿನ ಬಾವಿಯಿದೆ, ಅಲ್ಲಿ ಯಾರ ಕಾಟವೂ ಇಲ್ಲ ಎಂದು ನಡೆದುಬಿಟ್ಟಳು. ಅಷ್ಟು ವರ್ಷ ನಡೆದವಳು ಹೀಗೆ ಮೋಸ ಹೋಗಬಾರದಿತ್ತು.

ಆ ಬಾವಿಗೆ ಬಂದಾಗ ಬಿಸಿಲು ಏರಿತ್ತು. ತಂಬಿಗೆ ಇಳಿಸಿದಳು. ಹನ್ನೊಂದು ಮಾರೂ ಮುಗಿಯಿತು, ತಂಬಿಗೆ ಗಾಳಿಯಲ್ಲೇ ತೂಗಾಡಿತು. ಉಟ್ಟ ಸೀರೆಯ ಹೊರತು ಇದ್ದ ಇನ್ನೊಂದು ಸೀರೆಯನ್ನೂ ಹಗ್ಗಕ್ಕೆ ಗಂಟು ಹಾಕಿ ನೋಡಿದಳು. ತಂಬಿಗೆ ಕೆಳಗೆ ಬರೀ ಕಲ್ಲಿಗೆ ಬಡಿದು ಸದ್ದು ಮಾಡಿತು. ಬಾವಿ ಬತ್ತಿತ್ತು.

ಒಂದೂವರೆ ದಿನ ನೀರಿಲ್ಲದ ಮೈ. ನಾಲಿಗೆ ಅಂಗುಳಕ್ಕೆ ಅಂಟಿತ್ತು, ಕಣ್ಣಿಗೆ ದಾರಿ ಎರಡಾಗಿ ಕಾಣುತ್ತಿತ್ತು. ಪಕ್ಕದ ಹೊಲದಲ್ಲಿ ಕಪಲಿಯ ಗಾಲಿ ಕಿರುಗುಡುತ್ತಿತ್ತು. ಹೊಲದ ಒಡೆಯ ದಸ್ತಗೀರ್ ಸಾಬ್ ಉಳ್ಳಾಗಡ್ಡಿಯ ಪಾತಿಗಳಿಗೆ ನೀರು ಹಾಯಿಸುತ್ತಿದ್ದ. ವೆಂಕೂಬಾಯಿ ಬೇವಿನ ನೆರಳಿನ ತನಕ ಬಂದವಳು ಅಲ್ಲೇ ಕುಸಿದಳು. ಆತ ಎತ್ತು ನಿಲ್ಲಿಸಿ ಬಂದ.

"ಅವ್ವಾರ, ನಮ್ಮ ನೀರು ನಿಮಗ ನಡೆಯಂಗಿಲ್ಲ, ನನಗ ಗೊತ್ತದ. ಆದರ ಗಬ್ಬೂರಿಗೆ ಹೋಗಿ ಬ್ಯಾರೆ ನೀರು ತರೂತನಾ ನಿಮ್ಮ ಜೀವ ತಡಿಯಂಗಿಲ್ಲ."

ಆಕೆ ತಲೆಯಾಡಿಸಿದಳು, ಹೌದೆಂದೋ ಬೇಡವೆಂದೋ ಆತನಿಗೆ ತಿಳಿಯಲಿಲ್ಲ. ಆತನೇ ಮತ್ತೆ ಹೇಳಿದ.

"ನಾ ಎತ್ತು ಹೊಡಿಯಾಕ ಹೋಗತೀನ್ರಿ. ಈ ಕಡಿ ಹೊಳ್ಳಿ ನೋಡಂಗಿಲ್ಲ. ಕಾಲುವಿ ನಿಮ್ಮ ಮುಂದ ಹರಿಯಾಕತ್ತದ. ನಾ ಏನೂ ಕಂಡಿಲ್ಲ, ಯಾರ ಮುಂದೂ ಹೇಳಂಗಿಲ್ಲ."

ಹೇಳಿದಂತೆಯೇ ಬೆನ್ನು ಮಾಡಿ ಹೋದ. ವೆಂಕೂಬಾಯಿ ಕಾಲುವೆಯ ಕಡೆ ನೋಡಿದಳು. ಕುಡಿಯದಿದ್ದರೆ ಇಲ್ಲೇ ಸಾಯುವುದು, ಕುಡಿದರೆ ನಲವತ್ತು ವರ್ಷದ ಹೆಸರು ಸಾಯುವುದು. ಬಹಳ ಹೊತ್ತು ಕೂತಿದ್ದಳು. ಕೊನೆಗೆ ಕೈಗಳೇ ಮುಂದೆ ಹೋದವು. ಬೊಗಸೆಯ ಮೇಲೆ ಬೊಗಸೆ ಕುಡಿದಳು.

ಹೇಳದೇ ಇದ್ದರೂ ನಡೆಯುತ್ತಿತ್ತು. ಸಾಬ್ ಬಾಯಿ ಬಿಡುವವನಲ್ಲ. ರಾಯಚೂರಿನ ತನಕ ಆಕೆ ಅದನ್ನೇ ಯೋಚಿಸಿದಳು, ನಾಯಿ ಅಡ್ಡ ಬಂದರೂ ಕೋಲೆತ್ತಲಿಲ್ಲ. ತಾನು ಮಾಡಿದ ಅನ್ನವನ್ನು ನಂಬಿ ಉಣ್ಣುವವರಿಗೆ ಮೋಸ ಮಾಡುವುದು ಆಕೆಯಿಂದ ಆಗದ ಕೆಲಸ. ಸಂಜೆ ಆಚಾರ್ಯರ ಮನೆಯ ಹಿತ್ತಲ ಬಾಗಿಲಿಗೆ ಬಂದು ಹೊರಗೇ ನಿಂತಳು. ಆಚಾರ್ಯರ ಹೆಂಡತಿ ಸತ್ಯಭಾಮಾಬಾಯಿ ಓಡಿ ಬಂದರು.

"ನಾ ಒಳಗ ಬರೂದಿಲ್ಲವ್ವಾ. ದಾರಿಯೊಳಗ ಕಪಲಿ ನೀರು ಕುಡದೀನಿ. ನಾಳಿಗೆ ಬ್ಯಾರೆ ಯಾರನ್ನರ ಕರಸು. ನನ್ನ ಮಡಿ ಮುಗೀತು."

ಸತ್ಯಭಾಮಾಬಾಯಿ ಒಳಗೆ ಕಣ್ಣಾಡಿಸಿ, ಬಾಗಿಲು ಮುಂದೆ ಮಾಡಿ, ಹತ್ತಿರ ಬಂದರು.

"ಅಕ್ಕಾ, ಸಣ್ಣಗ ಮಾತಾಡ್ರಿ. ನಮ್ಮ ಬಾವಿ ಸವಳಾಗಿ ಎರಡು ಬ್ಯಾಸಗಿ ಆತು. ಬ್ಯಾಳಿ ಬೇಯೂದಿಲ್ಲ. ನಾ ನಳದ ನೀರೇ ತುಂಬತೀನಿ, ಅಡಗಿಗೂ, ಕುಡಿಲಿಕ್ಕೂ. ಇವರಿಗೆ ಗೊತ್ತಿಲ್ಲ."

ನಳದೊಳಗೆ ನೀರು ಸೋರದಂತೆ ಚರ್ಮದ ಬಿಲ್ಲೆಯಿರುತ್ತದೆ ಎಂದು ವೈಷ್ಣವ ಕೇರಿಗೆಲ್ಲ ಗೊತ್ತು. ಅದಕ್ಕೇ ಆಚಾರ್ಯರು ನಳವನ್ನು ತುಳಸಿಯ ಹತ್ತಿರಕ್ಕೂ ಬಿಡದೆ ಬಾಳೆಗಿಡಗಳ ಬುಡದಲ್ಲಿ ಹಾಕಿಸಿದ್ದರು. ಎರಡು ವರ್ಷದಲ್ಲಿ ವೆಂಕೂಬಾಯಿ ಈ ಮನೆಯಲ್ಲಿ ಸತ್ಯಭಾಮಾಬಾಯಿ ತುಂಬಿಟ್ಟ ನೀರಿನಿಂದಲೇ ಆರು ಸಲ ಅಡಿಗೆ ಮಾಡಿದ್ದಳು, ಉಂಡಿದ್ದಳು, ಇಲ್ಲಿನ ನೀರು ಕುಡಿದು ಮಾನ್ವಿಯ ಮಠದ ಒಲೆಯನ್ನೂ ಹಚ್ಚಿದ್ದಳು.

"ನಿಮಗ ಸಮಾಧಾನ ಆಗಲೆಂತ ಹೇಳಿದೆ," ಅಂದರು ಸತ್ಯಭಾಮಾಬಾಯಿ.

ಸಮಾಧಾನ ಆಗಲಿಲ್ಲ. ಸಿಟ್ಟು ಬಂತು, ಜನ್ಮದಲ್ಲಿ ಬರದಷ್ಟು ಸಿಟ್ಟು.

"ಇವತ್ತು ಮುಂಜಾನೆ ಆ ಬೇವಿನ ಬುಡಕ ನಾ ಸತ್ತಿದ್ದರ," ವೆಂಕೂಬಾಯಿ ಮೆಲ್ಲಗೆ ಕೇಳಿದಳು, "ಯಾವ ಮಡಿ ಉಳಸಲಿಕ್ಕೆ ಸತ್ತಂಗ ಆಗತಿತ್ತು, ಸತ್ಯಭಾಮಾ?"



ವೆಂಕೂಬಾಯಿ ಬಾಳೆಗಿಡಗಳ ನಡುವೆ ಹೋಗಿ, ನಳ ತಿರುಗಿಸಿ, ಬಾಯಿ ಹಿಡಿದು ಕುಡಿದಳು. ಅಳುತ್ತಲೇ ಕುಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆಗೆ ಎಷ್ಟು ಎಲೆಗೆ ಅಡಿಗೆ ಎಂದು ಕೇಳಿದಳು.