ಅರ್ಧಕ್ಕೆ ತೆರೆದಿಟ್ಟ ಅರ್ಜಿ

ಗೆಳೆಯರೇ, ಇವತ್ತು ಮೊರಬದ ಬೀಜ ವಿತರಣಾ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಒಂದು ಅರ್ಜಿಯೂ ಮುಂದೆ ಹೋಗಲಿಲ್ಲ. ಸರ್ವರ್ ನೋಡಿಕೊಳ್ಳುವವಳು ನಾನು, ಹಾಗಾಗಿ ಪಾಳಿಯಲ್ಲಿ ನಿಂತವರ ಸಿಟ್ಟೆಲ್ಲ ನನ್ನ ಮೇಲೆ. "ಯವ್ವಾ, ಹೊಲದ ಹಸಿ ಆರಾಕತ್ತೈತಿ. ಕಡ್ಲಿ ಮುಂದಿನ ವರ್ಷ ಬಿತ್ತೂಣೇನು?" ಎಂದು ಅಜ್ಜಿಯೊಬ್ಬಳು ಕೇಳಿದಳು.

ಸರ್ವರ್ ಒಳಗೆ ನೋಡಿದರೆ, ಒಂದೇ ಅರ್ಜಿ ಬೀಜದ ದಾಸ್ತಾನಿಗೆ ಬೀಗ ಹಾಕಿಕೊಂಡು ಕೂತಿತ್ತು. ಉಳಿದವೆಲ್ಲ ಅದರ ಹಿಂದೆ ಕಾಯುತ್ತಿದ್ದವು. ಅದನ್ನು ಅರ್ಧಕ್ಕೆ ತೆರೆದಿಟ್ಟು ಚಹಾಕ್ಕೆ ಹೋದವರು ನಮ್ಮ ಮ್ಯಾನೇಜರ್. ಚಹಾದಂಗಡಿಗೇ ಹೋಗಿ ಕೇಳಿದೆ.

"ಅದು ನಮ್ಮ ಮಾವಾರ್ದ್ರಿ. ಅವರು ಶಲವಡಿಯಿಂದ ಬರೂತನಕ ಪಾಳಿ ಹಿಡದೇನಿ."

ವಾಪಸ್ ಬಂದು ಅದನ್ನು ರದ್ದು ಮಾಡಿದೆ. ಉಳಿದ ಅರ್ಜಿಗಳು ಒಮ್ಮೆಲೇ ಓಡಿದವು. "ಯಾರನ್ನ ಕೇಳಿ ತಗದ್ರಿ?" ಎಂದು ಮ್ಯಾನೇಜರ್ ನನ್ನ ಮೇಲೇ ಹರಿಹಾಯ್ದರು.

ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವವರು ಒಂದು ಸೀಟು ಹಿಡಿಯುತ್ತಾರೆ. ಇವರು ಡ್ರೈವರ್ ಸೀಟಿಗೇ ಹಾಕಿದ್ದರು.